ರಾಮಲಿಂಗಪ್ಪ ಮಾಸ್ತರರ ಆನ್‌ಲೈನ್ ಪಾಠ

ನಮ್ಮ ಮನೆಯಲ್ಲಿ ಈಗ ನನಗೆ ಚಹಾ ಸಿಗುತ್ತದೆ, ಮಾತು ಸಿಗುವುದಿಲ್ಲ. ಹೆಂಡತಿ ತ್ರಿವೇಣಿ ಕಪ್ಪನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಾಳೆ. ಆ ಸಪ್ಪಳದಿಂದಲೇ ಅಂದಿನ ಸಿಟ್ಟಿನ ಪ್ರಮಾಣವನ್ನು ನಾನು ಅಳೆದುಕೊಳ್ಳಬೇಕು. ಇಷ್ಟಕ್ಕೂ ನಾನು ಎಸಗಿದ ಮಹಾಪರಾಧವೇನು? ಮಗಳನ್ನು ಉದ್ಧಾರ ಮಾಡಲು ಹೋದದ್ದು.

ಮಗಳು ಸುರಭಿ ಹತ್ತನೆಯ ತರಗತಿ. ಪುಣೆಯಲ್ಲೇ ಹುಟ್ಟಿ, ಇಲ್ಲಿಯದೇ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುವವಳು. ಮುಂದೆ ಸೈನ್ಸ್ ಸೇರಿ ಪ್ರಾಣಿಗಳ ಡಾಕ್ಟರ್ ಆಗಬೇಕೆಂದು ಚಿಕ್ಕಂದಿನಿಂದಲೂ ಅವಳ ಹಟ. (ನಮ್ಮ ವಸತಿ ಸೊಸೈಟಿಯ ನಾಯಿಗಳೆಲ್ಲ ಈಗಾಗಲೇ ಅವಳ ಪೇಶಂಟುಗಳು.) ಗಣಿತ ಮಾತ್ರ ಕೈಕೊಡುತ್ತಿತ್ತು. ಹಿಂದಿನ ಗಲ್ಲಿಯಲ್ಲಿ ಮರಾಠಿಯಲ್ಲಿ ಹೇಳಿಕೊಡುವ ಒಂದು ಕ್ಲಾಸಿದೆ, ಅಲ್ಲಿಗೆ ಹಾಕೋಣ ಎಂದಳು ತ್ರಿವೇಣಿ. ನನ್ನೊಳಗಿನ ಕನ್ನಡಾಭಿಮಾನಿ ಎದ್ದು ಕುಳಿತ. ಹೊರಗೆ ದಿನವಿಡೀ ಮರಾಠಿ. ಪಾಠವೂ ಅದರಲ್ಲೇ ಆದರೆ ಮಗಳಿಗೆ ಅಜ್ಜಿಯ ಭಾಷೆ ಉಳಿಯುವುದು ಹೇಗೆ?

ಹುಡುಕಿ ಹುಡುಕಿ ವಿಜಯಪುರದ ಕಡೆಯ ಒಂದು ಆನ್‌ಲೈನ್ ಕೋರ್ಸು ಹಿಡಿದೆ. ರಾಮಲಿಂಗಪ್ಪ ಮಾಸ್ತರರು ಪರದೆಯ ಮೇಲೆ ಬಂದು, "ಬರ್ರಿ, ಕುಂದರ್ರಿ, ಊಟ ಆತೇನು?" ಎಂದದ್ದೇ ತಡ, ನನ್ನ ಕಣ್ಣು ತುಂಬಿ ಬಂತು. ಇಡೀ ವರ್ಷಕ್ಕೆ ಸೇರಿಸಿಬಿಟ್ಟೆ. ಪಠ್ಯ ಯಾವುದು, ನಮ್ಮ ಶಾಲೆಯದೇನಾ ಎಂದು ತ್ರಿವೇಣಿ ಕೇಳಿದಳು. ಹತ್ತನೆಯದು ಎಂದರೆ ಹತ್ತನೆಯದು, ಪೈಥಾಗೊರಸ್ ರಾಜ್ಯದ ಗಡಿ ನೋಡಿಕೊಂಡು ಪ್ರಮೇಯ ಬರೆದನೇನು ಎಂದು ಗದರಿದೆ.

ಅಂದಿನಿಂದ ಸಂಜೆಯ ಮೇಲ್ವಿಚಾರಣೆಯ ಗುರುತರ ಹೊಣೆ ನನ್ನದಾಯಿತು. ಮಗಳ ಪಕ್ಕದಲ್ಲಿ ಕುರ್ಚಿ, ಕೈಯಲ್ಲಿ ಚುರುಮುರಿ. ಮಾಸ್ತರರು ಸಮೀಕರಣದ ನಡುವೆಯೇ ಹುರಕ್ಕಿ ಹೋಳಿಗೆಯ ಸುದ್ದಿ ತೆಗೆಯುತ್ತಿದ್ದರು, ಸಂತೆಯಲ್ಲಿ ಕಳೆದುಹೋದ ಎಮ್ಮೆಯ ಕಥೆ ಹೇಳುತ್ತಿದ್ದರು. ನಾನು ತಲೆದೂಗುತ್ತಿದ್ದೆ. ಸುರಭಿಯೂ ತಲೆದೂಗುತ್ತಿದ್ದಳು. (ಅವಳದು ತೂಕಡಿಕೆ ಎಂಬುದು ತ್ರಿವೇಣಿಯ ಆರೋಪ, ನಾನು ಅದನ್ನು ಸಾರಾಸಗಟಾಗಿ ತಳ್ಳಿಹಾಕಿದೆ.) ಶಾಲೆಯಲ್ಲಿ ತಿಳಿಯದ್ದೆಲ್ಲ ಸಂಜೆಯ ಪಾಠದಲ್ಲಿ ತಿಳಿಯುತ್ತದೆಂದು ನಾನಂತೂ ನೆಚ್ಚಿಕೊಂಡೆ.

ಜನವರಿಯಲ್ಲಿ ಶಾಲೆಯ ಪ್ರಿಲಿಮ್, ಅಂದರೆ ಪೂರ್ವಸಿದ್ಧತಾ ಪರೀಕ್ಷೆ ಆಯಿತು. ಬೀಜಗಣಿತದಲ್ಲಿ ಸುರಭಿ ನಪಾಸು. ಪ್ರಶ್ನೆಪತ್ರಿಕೆ ತೆರೆದು ನೋಡಿದರೆ ಜಿಎಸ್‌ಟಿ, ಶೇರು ಎಂದು ಒಂದು ಇಡೀ ಅಧ್ಯಾಯದ ಲೆಕ್ಕಗಳು! ಸಮೀಕರಣ ಬಿಡಿಸುವ ದಾರಿಯೂ ಬೇರೆ. ಕೋರ್ಸಿನವರಿಗೆ ಫೋನ್ ಹಚ್ಚಿ ಗುಡುಗಿದೆ. ಆ ಕಡೆಯ ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡು, ತಮ್ಮದು ಕರ್ನಾಟಕ ಬೋರ್ಡಿನ ಪಾಠ, ನಿಮ್ಮ ಮಗಳದು ಯಾವ ಬೋರ್ಡು ಸರ್ ಎಂದಳು. ನಾನು ಫೋನ್ ಇಟ್ಟೆ.

ತ್ರಿವೇಣಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮಗ ಕನ್ನಡ ಕೇಳೂದಿತ್ತಂದ್ರ ರೇಡಿಯೊ ಹಚ್ಚಬೇಕಿತ್ತು. ಅಕಿ ವರ್ಷ ಯಾಕ ತಿಂದ್ರಿ?" ಎಂದಳು. ಅದೇ ಅವಳ ಕೊನೆಯ ಮಾತು.

ಸುರಭಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಊಟಕ್ಕೂ ಏಳಲಿಲ್ಲ. ಆದರೂ ಅಪರಾಧದಲ್ಲಿ ಒಬ್ಬರು ಪಾಲುದಾರರು ಬೇಕಲ್ಲ? ಪುಸ್ತಕ ಬೇರೆ, ಪಾಠ ಬೇರೆ ಎಂದು ನಿನಗಾದರೂ ತಿಳಿಯಬಾರದಿತ್ತೇ ಎಂದು ಕೇಳಿದೆ. ಅವಳು ಈ ಕಡೆ ತಿರುಗದೆ ಹೇಳಿದಳು:

"ಮೊದಲನೇ ವಾರದಾಗ ಹೇಳಿದ್ನಲ್ಲ, ಪಪ್ಪಾ. ಸುಮ್ಮನ ಕುಂದರು, ಮಾಸ್ತರ ಮಾತಾಡಾಕತ್ತಾರ ಅಂದ್ರಿ."

ಓದುಗರಿಗೆ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾರ್ಕೆಟ್ ಯಾರ್ಡಿನ ಸಗಟು ಅಂಗಡಿಯೊಂದರಲ್ಲಿ ನನ್ನ ನೌಕರಿ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ನಾನು ಮಾಡುವುದು ಜಿಎಸ್‌ಟಿಯ ಕೆಲಸ, ಅದೊಂದೇ. ಮಗಳು ಸೊನ್ನೆ ತಂದ ಲೆಕ್ಕಗಳನ್ನು ನಾನು ಊಟದ ಡಬ್ಬಿ ಬಿಚ್ಚುತ್ತಲೇ ಬಿಡಿಸಬಲ್ಲೆ. ಅಂಥವನು ಅವಳ ಮಗ್ಗುಲಲ್ಲೇ ಕುಳಿತು ತಿಂಗಳುಗಟ್ಟಲೆ ಎಮ್ಮೆಯ ಕಥೆ ಕೇಳಿದ್ದೆ.

ಮರುದಿನ ಸಂಜೆ ನಾನೇ ಮಾಸ್ತರನಾದೆ. ಗಂಟಲು ಸರಿಪಡಿಸಿಕೊಂಡು, ತೆರಿಗೆಗೆ ಒಳಪಡುವ ಮೌಲ್ಯ, ಹೂಡುವಳಿ ತೆರಿಗೆ ಜಮೆ ಎಂದು ಶುದ್ಧ ಕನ್ನಡದಲ್ಲಿ ಶುರುಮಾಡಿದೆ. ಸುರಭಿ ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕಾದೆ.

"ಪಪ್ಪಾ, ಸಿಟ್ಟಿಗೇಳಬ್ಯಾಡ್ರಿ," ಎಂದಳು. "ಮರಾಠಿಯೊಳಗ ಹೇಳ್ರಿ. ಲಗೂನ ತಿಳೀತದ."

ಅಂಗಡಿಯಲ್ಲಿ ಮಾತಾಡುವ ಹಾಗೆಯೇ ಮರಾಠಿಯಲ್ಲಿ ಹೇಳಿದೆ. ಅವಳಿಗೆ ತಿಳಿಯಿತು. ಇಡೀ ಅಧ್ಯಾಯ ಆ ಒಂದೇ ಸಂಜೆಯಲ್ಲಿ ಮುಗಿದುಹೋಯಿತು. ಮುಂದಿನದನ್ನು ಹೇಳಿಕೊಡಿ ಎಂದು ಅವಳು ಹಾಳೆ ತಿರುವಿದಳು. ಬೋರ್ಡ್ ಪರೀಕ್ಷೆ ಮುಂದಿನ ತಿಂಗಳು. ಆ ಪುಸ್ತಕದಲ್ಲಿ ನನಗೆ ಬರುವ ಅಧ್ಯಾಯ ಅದೊಂದೇ.