ಟ್ರ್ಯಾಕ್ಟರಿನೊಳಗಿನ ಲಾಲಪ್ಪ

ಶಹಾಪುರದ ಕಾಲುವೆ ಆಫೀಸಿನ ಗುಮಾಸ್ತ ಲಾಲಪ್ಪ ಒಂದು ತತ್ವಪದ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮೆಮೊರಿ ಕಾರ್ಡುಗಳಿಗೆ ಹಾಡು ತುಂಬುವ ಖಾಜಾಹುಸೇನನಿಗೆ ಕೊಟ್ಟಿದ್ದ. ಹಾಡು ಟ್ರ್ಯಾಕ್ಟರುಗಳಿಗೆಲ್ಲ ಏರಿತು. ಹಾಡಿದವನ ಹೆಸರು ಏರಲಿಲ್ಲ. ಒಂದು ದಿನ ಬೆಳಿಗ್ಗೆ ಚಹಾದಂಗಡಿ ಮುಂದೆ ಟ್ರ್ಯಾಕ್ಟರಿನಿಂದ ತನ್ನದೇ ದನಿ ಕೇಳಿ, "ಇದು ನಾ ಹಾಡಿದ್ದು" ಎಂದರೆ ಡ್ರೈವರ್ ಹುಲಗಪ್ಪ ನಂಬಲಿಲ್ಲ.

"ಹಾಡಿದವರ ಹೆಸರು ಇಲ್ಲಿ ಬರ್ತದ್ರಿ," ಎಂದು ಟೇಪಿನ ಗಾಜು ತೋರಿಸಿದ. "ಬ್ಯಾರೇರಿಗೆಲ್ಲ ಬರ್ತದ. ನಿಮ್ದು ಖಾಲಿ ಅದ."

ಆ ಖಾಲಿ ಗಾಜು ಲಾಲಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ನೆಟ್ಟಗೆ ಖಾಜಾನ ಅಂಗಡಿಗೆ ನಡೆದ. ಕಾಲುವೆಗೆ ನೀರು ಬಿಟ್ಟ ದಿನ. ಹೊಲಕ್ಕೆ ಹೊರಟ ಡ್ರೈವರುಗಳು ಕಾರ್ಡು ಹಿಡಿದು ಸಾಲುಗಟ್ಟಿದ್ದರು.

"ನೀವೇ ಕೂಡ್ರಿ ಅಣ್ಣಾ, ಆಫೀಸಿನಾಗ ದಿನಾ ಕಂಪ್ಯೂಟರ್ ಬಡಿತೀರಲ್ಲ," ಎಂದು ಖಾಜಾ ಕುರ್ಚಿ ಬಿಟ್ಟ.

ಲಾಲಪ್ಪ ತನ್ನ ಹಾಡಿಗೆ ತನ್ನ ಹೆಸರು ಬರೆದ. ಕಂಪ್ಯೂಟರು ಒಪ್ಪಲಿಲ್ಲ.

"ಹಾಡು ನಡದದಲ್ಲ, ಬಂದ್ ಮಾಡ್ರಿ. ಹಾಡೋವಾಗ ಹೆಸರು ಬರೆಸ್ಕೊಳ್ಳಂಗಿಲ್ಲ ಅದು."

ಬಂದ್ ಮಾಡಿದ. ಆಗಲೂ ಇಲ್ಲ.

"ರೀಡ್ ಓನ್ಲಿ ಅಂತ ಟಿಕ್ ಇರ್ತದ, ತಗೀರಿ. ಅದಿದ್ರ ತಿದ್ದಾಕ ಬರಂಗಿಲ್ಲ."

ಆಫೀಸಿನಲ್ಲಿ ಯಾವುದನ್ನು ತಿದ್ದಬೇಕಾದರೂ ಲಾಲಪ್ಪ ಮೊದಲು ಪರದೆಯ ಮೇಲಿರುವುದನ್ನೆಲ್ಲ ಒಟ್ಟಿಗೆ ಆರಿಸಿಕೊಳ್ಳುವವನು. ಕೈ ತಾನಾಗಿಯೇ ಆ ಕೆಲಸ ಮಾಡಿತು. ಟಿಕ್ ಹೋಯಿತು, ಹೆಸರು ಕೂತಿತು. ಹಸಿರು ಪಟ್ಟಿಯೊಂದು ಗಬ್ಬದ ಎಮ್ಮೆಯಂತೆ ನಡೆಯತೊಡಗಿತು.

"ಒಂದ್ ಹೆಸರಿಗಿ ಇಷ್ಟೊತ್ತೇನೋ?"

"ಕಂಪ್ಯೂಟರ್ ಹಳೇದದ ಅಣ್ಣಾ."

ಕಾರ್ಡುಗಳು ತುಂಬಿದವು, ಟ್ರ್ಯಾಕ್ಟರುಗಳು ಹೊರಟವು.

ಮಧ್ಯಾಹ್ನ ಊಟಕ್ಕೆ ಬಂದರೆ ಹೆಂಡತಿ ಮಾನಮ್ಮ ರೊಟ್ಟಿ ಹಾಕಲಿಲ್ಲ.

"ಯಾರಾಕಿ?"

"ಯಾವಾಕಿ?"

"ಟ್ರ್ಯಾಕ್ಟರಿನಾಗ ನಿಮ್ಮ ಜೋಡಿ ನಕ್ಕೋತ ಹಾಡಿದಾಕಿ. ನಿಮ್ಮ ಹೆಸರು ಬಂದದ ಅಂತ ಹುಲಗಪ್ಪನೇ ಓದಿ ಹೇಳಿದ."

ಪಕ್ಕದ ಮನೆಯ ಕುಬ್ರಾಬೇಗಂ ಗೋಡೆಯ ಮೇಲಿಂದ ಇಣುಕಿದಳು. "ಬಿಡು ಮಾನಮ್ಮಕ್ಕ, ಖವ್ವಾಲಿನೂ ಛಲೋ ಹಾಡ್ಯಾರ ಭಾಯಿ. ಇಷ್ಟು ದಿನ ಮುಚ್ಚಿಟ್ಟಿದ್ರು ನೋಡು."

ಅಂಗಡಿಯ ಹಾಡುಗಳಿಗೆಲ್ಲ ತನ್ನ ಹೆಸರೇ ಬಿದ್ದಿದೆ ಎಂದು ಲಾಲಪ್ಪನಿಗೆ ಆಗ ಹೊಳೆಯಿತು. ಮುಖ ಬಿಸಿಲಿಗಿಟ್ಟ ಹಪ್ಪಳದಂತೆ ಮುರುಟಿತು. ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ಅಲ್ಲೇ ಒಂದು ಜೀಪು ನಿಂತಿತು. ಇಳಿದವನು ಹುಲಗಪ್ಪನ ಧಣಿ ಸಾಬಣ್ಣ.

"ಲಾಲಪ್ಪ ಅಂದ್ರ ನೀವೇ ಏನ್ರಿ? ಮುಂಜಾನಿಂದ ಹೊಲದಾಗ ನಿಮ್ಮವೇ ಹಾಡು. ಸಂಜೀಗಿ ಮೊಮ್ಮಗನ ತೊಟ್ಲ ಕಾರ್ಯ ಅದ, ಬಂದು ಹಾಡಬೇಕು ನೋಡ್ರಿ."

ನಿಜ ಹೇಳಬೇಕಿತ್ತು. ಲಾಲಪ್ಪ ಜೀಪು ಹತ್ತಿದ.

ಸಂಜೆ ಸಾಬಣ್ಣನ ಅಂಗಳದಲ್ಲಿ ಕಣ್ಣು ಮುಚ್ಚಿ ತನ್ನ ತತ್ವಪದವನ್ನು ಮನಸಾರೆ ಹಾಡಿದ. ಮುಗಿದಾಗ ತೊಟ್ಟಿಲಿನ ಪಕ್ಕದಲ್ಲಿದ್ದ ಸಾಬಣ್ಣನ ತಾಯಿ ಬಾಲಮ್ಮ ಮಗನನ್ನು ಕೇಳಿದಳು: "ಯಾರನ್ನ ಕರ್ಕೊಂಡು ಬಂದೀಯೋ? ಲಾಲಪ್ಪನ ದನಿ ಹಿಂಗದೇನು?"

"ಆಯಿ, ಉಳಿದವು ನನ್ನವಲ್ಲ," ಲಾಲಪ್ಪ ಕೊನೆಗೂ ಬಾಯಿ ಬಿಟ್ಟ. "ಹೆಸರು ತಪ್ಪಿ ಬಿದ್ದಾವ. ಇದೊಂದೇ ನಂದು. ಬೇಕಾದ್ರ ಹಚ್ಚಿ ನೋಡ್ರಿ."

ಅಂಗಳದಲ್ಲಿದ್ದ ಟ್ರ್ಯಾಕ್ಟರಿನಲ್ಲಿ ಹುಲಗಪ್ಪ ಆ ಹಾಡು ಹಚ್ಚಿದ. ಎಲ್ಲರೂ ಕಿವಿಗೊಟ್ಟರು.

"ಹೌದ್ರಿ, ದನಿ ಇವರದೇ," ಎಂದ ಹುಲಗಪ್ಪ. ಲಾಲಪ್ಪನಿಗೆ ಹೋದ ಜೀವ ಬಂದಂತಾಯಿತು.

ಸಾಬಣ್ಣ ಮುಖ ಗಂಟಿಕ್ಕಿದ. "ಅಂದ್ರ ಆ ದೊಡ್ಡ ಲಾಲಪ್ಪನ ಹಾಡಿನ ನಡುವ ನಿಮ್ದೊಂದು ತುರುಕೀರಿ. ಹೆಸರು ಒಂದೇ ಅಂತ ಹಿಂಗ ಮಾಡಬಾರದ್ರಿ. ಹುಲಗ್ಯಾ, ಅವು ಇರಲಿ, ಇದೊಂದು ಅಳಿಸು."

ಹುಲಗಪ್ಪ ಕಾರ್ಡು ಕಿತ್ತು, ತನ್ನ ಮೊಬೈಲಿಗೆ ಹಾಕಿ ಆ ಹಾಡನ್ನು ಅಳಿಸಿ, ಮತ್ತೆ ಟೇಪಿಗೆ ಸಿಕ್ಕಿಸಿದ. ಹೆಣ್ಣು ದನಿಯ ಜೋಗುಳವೊಂದು ಶುರುವಾಯಿತು. ಗಾಜಿನ ಮೇಲೆ ಲಾಲಪ್ಪನ ಹೆಸರು ಮಿನುಗಿತು.

ಬಾಲಮ್ಮ ತೊಟ್ಟಿಲು ತೂಗುತ್ತ ಲಾಲಪ್ಪನಿಗೆ ಹೇಳಿದಳು: "ಕೇಳಪ್ಪ, ಕೇಳಿ ಕಲಿ. ಲಾಲಪ್ಪ ಹೆಣ್ಣಿನ ದನಿನೂ ಎಷ್ಟು ಚಂದ ತೆಗಿತಾನ."