ಪೂಜೆಗೆ ಕೂತ ಟೆಲಿಫೋನು

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲಿ ನನಗೆ ಉಳಿದದ್ದು ಎರಡೇ. ಒಂದು, ಕಸೂತಿ, ಇನ್ನೊಂದು, ಕೇಳದೆ ಪರರ ವಸ್ತು ಮುಟ್ಟಬಾರದೆಂಬುದು. ಕಸೂತಿಯನ್ನು ಇಂದಿಗೂ ಬಿಟ್ಟಿಲ್ಲ. ಎರಡನೆಯದನ್ನು ಒಂದು ಆಯುಧಪೂಜೆಯ ದಿನ ಬಿಟ್ಟೆ. ಅದಕ್ಕಾಗಿ ಬೇಸರಪಡಬೇಕೆಂದು ಆಗಾಗ ಪ್ರಯತ್ನಿಸುತ್ತೇನೆ, ಬೇಸರ ಬರುವುದಿಲ್ಲ.

ನಮ್ಮವರು ದೊಡ್ಡಬಳ್ಳಾಪುರದ ನೇಯ್ಗೆ ಕಾರ್ಖಾನೆಯೊಂದರ ಮ್ಯಾನೇಜರು. ಅದೇ ಕಾಂಪೌಂಡಿನಲ್ಲಿ ನಮ್ಮ ಮನೆ. ಮನೆಯಲ್ಲೂ ಫೋನಿತ್ತು, ಆದರೆ ಅದು ಆಫೀಸಿನ ಫೋನಿನ ಸೆರಗು ಹಿಡಿದುಕೊಂಡೇ ಬದುಕಬೇಕಾಗಿತ್ತು. ಆಫೀಸಿನ ಗೋಡೆಯ ಮೇಲೆ ಪುಟ್ಟ ಮರದ ಪೆಟ್ಟಿಗೆ, ಅದರಲ್ಲಿ ಹಿತ್ತಾಳೆಯ ಕೀಲು. ಕೀಲು ಎಡಕ್ಕಿದ್ದರೆ ಹೊರಗಿನ ತಂತಿ ಆಫೀಸಿಗೆ, ಬಲಕ್ಕಿದ್ದರೆ ನೇರ ನಮ್ಮ ಮನೆಗೆ. ಆ ಕೀಲಿನ ಒಡೆಯರು ಗುಮಾಸ್ತ ಶಾಮಣ್ಣನವರು. ಸಂಜೆ ಬಾಗಿಲು ಹಾಕುವಾಗ ಮಾತ್ರ ಅದನ್ನು ಬಲಕ್ಕೆ ತಿರುಗಿಸುವರು. ಹಗಲಲ್ಲಿ ಕೇಳಿದರೆ, “ಯಾರಿಗೆ ಅಮ್ಮಾವ್ರೆ? ಏನ್ ವಿಷಯ? ಒಂದು ಕಾಗದ ಬರೆದ್ರೆ ಆಗಲ್ವಾ?” ಎನ್ನುವರು. ಕೊನೆಗೆ ಕೊಟ್ಟರೂ ತಮ್ಮ ರಿಸೀವರು ಕೆಳಗಿಡರು, ನನ್ನ ಮಾತಿನ ನಡುವೆ ಅವರು ನಶ್ಯ ಏರಿಸುವ ಸದ್ದು ತಂತಿಯಲ್ಲಿ ಕೇಳಿಸುತ್ತಿತ್ತು.

ಆ ದಿನ ಬೆಳಿಗ್ಗೆ ಬೆಂಗಳೂರಿನಿಂದ ಬಂದ ನೂಲಿನ ವ್ಯಾಪಾರಿಯೊಬ್ಬರು ನನ್ನ ತಂಗಿ ಲಲಿತಳ ಚೀಟಿ, ಜೊತೆಗೆ ಒಬ್ಬ ಹುಡುಗನ ಫೋಟೋ ತಂದುಕೊಟ್ಟರು. “ಅಕ್ಕಾ, ನಾಳೆ ವಿಜಯದಶಮಿ, ತಾಂಬೂಲ ಬದಲಾಯಿಸ್ತಾರಂತೆ. ಬಿ.ಎ. ಮುಗಿಯೋದಕ್ಕೆ ಆರೇ ತಿಂಗಳು. ಕಾಲೇಜು ಬಿಡಿಸ್ತಾರೆ. ಅಪ್ಪ ನಿನ್ನ ಮಾತು ಮಾತ್ರ ಕೇಳ್ತಾರೆ.” ನಮ್ಮಪ್ಪ ವಕೀಲರು, ಬೆಂಗಳೂರಿನ ಅವರ ಮನೆಯಲ್ಲೇ ಫೋನಿತ್ತು. ಆಫೀಸಿಗೆ ಓಡಿದೆ.

ಆಫೀಸಿನಲ್ಲಿ ಫೋನು ಪೂಜೆಗೆ ಕೂತಿತ್ತು. ಕೊರಳಲ್ಲಿ ಸೇವಂತಿಗೆ ಹಾರ, ಹಣೆಯಲ್ಲಿ ಕುಂಕುಮ, ಮುಂದೆ ಎರಡು ಬಾಳೆಹಣ್ಣು. “ನಾಳೆ ಬೆಳಿಗ್ಗೆವರೆಗೂ ಮುಟ್ಟೋ ಹಾಗಿಲ್ಲ ಅಮ್ಮಾವ್ರೆ, ವಿಶ್ರಾಂತಿ,” ಎಂದರು ಶಾಮಣ್ಣ. ಮಗ್ಗಗಳ ನಡುವೆ ಮಂಗಳಾರತಿ ತಟ್ಟೆ ಹಿಡಿದು ಬರುತ್ತಿದ್ದ ನಮ್ಮ ಯಜಮಾನರ ಕಡೆ ನೋಡಿದೆ. “ಶಾಮಣ್ಣನ ಹತ್ರ ನನ್ನ ಮಾತೂ ನಡೆಯಲ್ಲ ಕಣೇ,” ಎಂದು ಮೆಲ್ಲಗೆ ಹೇಳಿ ಮುಂದಿನ ಮಗ್ಗಕ್ಕೆ ಹೋದರು.

ಕಸೂತಿ ಹಾಕಿ ಹಾಕಿ ಸಣ್ಣದೇ ಮೊದಲು ಕಣ್ಣಿಗೆ ಬೀಳುತ್ತದೆ ನನಗೆ. ಬೀರು, ಟೈಪ್‌ರೈಟರು, ಮಸಿಕುಡಿಕೆ, ಕೊನೆಗೆ ಶಾಮಣ್ಣನವರ ಛತ್ರಿಗೂ ಕುಂಕುಮವಿತ್ತು. ಗೋಡೆಯ ಮೇಲಿನ ಕೀಲಿಗೆ ಮಾತ್ರ ಇರಲಿಲ್ಲ. ಶಾಮಣ್ಣ ಬೂದುಗುಂಬಳ ಒಡೆಯಲು ಗೇಟಿಗೆ ಹೊರಟರು. ನಾನು ಸ್ಟೂಲು ಹತ್ತಿ ಕೀಲನ್ನು ಬಲಕ್ಕೆ ತಿರುಗಿಸಿದೆ. ಮನೆಗೆ ಓಡಿ, ಬಾಗಿಲು ಹಾಕಿಕೊಂಡು, ಎಕ್ಸ್‌ಚೇಂಜಿಗೆ ಅಪ್ಪನ ನಂಬರು ಹೇಳಿದೆ.

ಸಿಕ್ಕ ಮೂರು ನಿಮಿಷದಲ್ಲಿ ಮೊದಲನೆಯದನ್ನು ಕಾನ್ವೆಂಟಿನ ಮರ್ಯಾದೆಯಂತೆ ಅಪ್ಪನ ಮೊಣಕಾಲಿನ ಯೋಗಕ್ಷೇಮಕ್ಕೆ ಕಳೆದೆ. ಆಮೇಲೆ ಹೇಳಿಯೇಬಿಟ್ಟೆ. “ಅಪ್ಪಾ, ಮದುವೆಗೆ ಅಂತ ನನ್ನನ್ನ ಇಂಟರಿಗೇ ಓದು ಬಿಡಿಸಿದ್ರಿ. ಆಗ ನಾನು ಒಂದು ಮಾತೂ ಆಡಲಿಲ್ಲ. ಆ ಮಾತನ್ನ ಈಗ ಆಡ್ತಿದೀನಿ. ಲಲಿತಂಗೆ ಓದಕ್ಕೆ ಬಿಡಿ.”

ಅಷ್ಟು ಸಾಲದೇನೋ ಎಂದು ಇನ್ನೊಂದು ಸೇರಿಸಿದೆ: “ಅಲ್ಲದೆ ಫೋಟೋದಲ್ಲಿ ಆ ಹುಡುಗನ ಕಿವಿ ನೋಡಿದ್ರಾ? ಎರಡು ಮೊರ ಕಟ್ಟಿದ ಹಾಗಿದೆ.”

“ಆಯ್ತು ಕಣಮ್ಮ,” ಎಂದರು ಅಪ್ಪ ನಿಧಾನವಾಗಿ. “ಪರೀಕ್ಷೆ ಮುಗೀಲಿ ಅಂತ ಹೇಳಿಕಳಿಸ್ತೀನಿ.”

ಬಾಗಿಲು ತೆರೆದರೆ ಶಾಮಣ್ಣನವರು. “ಕೀಲು ಬಲಕ್ಕಿದೆಯಲ್ಲ ಅಮ್ಮಾವ್ರೆ.”

“ಅದಕ್ಕೆ ಕುಂಕುಮ ಇಟ್ಟಿರಲಿಲ್ಲ ಶಾಮಣ್ಣನವರೆ. ಇನ್ನು ಮನೆ ಫೋನಿಗೆ ಪೂಜೆಯೇ ಆಗಿಲ್ಲ.”

ಅವರು ಬಗ್ಗಿ ನಮ್ಮ ಮನೆ ಫೋನನ್ನೊಮ್ಮೆ ನೋಡಿದರು. “ಹೌದು. ತಪ್ಪು ನಂದೇ,” ಎಂದು ಕುಂಕುಮದ ಬಟ್ಟಲು ತರಲು ಹೋದರು. ಆ ಸಂಜೆ ನಾನು ನಡೆದ ನಡಿಗೆ ನೋಡಿ ಯಜಮಾನರು, ಈ ಕಾರ್ಖಾನೆಗೆ ಮ್ಯಾನೇಜರು ಯಾರು ಎಂದು ಕೇಳಿದರು.

ಲಲಿತ ಬಿ.ಎ. ಪಾಸು ಮಾಡಿದಳು. ಮಾರನೆಯ ತಿಂಗಳೇ ಅದೇ ಹುಡುಗನನ್ನು ಒಪ್ಪಿಕೊಂಡಳು. ನಾನು ಬಾಯಿ ಬಿಟ್ಟು ನೋಡಿದ್ದಕ್ಕೆ, “ಓದು ಮುಗೀಲಿ ಅಂತ ಬರೆದಿದ್ದೆ ಅಕ್ಕಾ, ಹುಡುಗ ಬೇಡ ಅಂತ ಎಲ್ಲಿ ಬರೆದಿದ್ದೆ?” ಎಂದಳು. ಬಂಗಾರದಂಥ ಮನುಷ್ಯ, ನನ್ನನ್ನು ಅತ್ತಿಗೆ ಎಂದು ಬಾಯ್ತುಂಬ ಕರೆಯುತ್ತಾರೆ. ಆದರೆ ಅಪ್ಪ ಅಳಿಯನ ಹತ್ತಿರ ಏನನ್ನೂ ಮುಚ್ಚಿಡುವವರಲ್ಲ. ನಮ್ಮ ಮನೆಗೆ ಬಂದಾಗ ಲಲಿತಳ ಗಂಡ ಊಟಕ್ಕೆ ಕೂತರೂ ಪೇಟ ತೆಗೆಯುವುದಿಲ್ಲ, ಕಿವಿಯವರೆಗೂ ಎಳೆದುಕೊಂಡಿರುತ್ತಾರೆ. ನಾನು ತಲೆ ತಗ್ಗಿಸಿಕೊಂಡು, ಕೇಳದೆಯೇ, ಇನ್ನೊಂದು ಹೋಳಿಗೆ ಬಡಿಸುತ್ತೇನೆ.