ಮಾಹೀಮ್ ಖಾಡಿಯಲ್ಲಿ ನಾನು ಹಾಕಿದ ಮುಳುಗು

ಬಾವಿಯಲ್ಲಿ ಈಜು ಕಲಿತವರಿಗೆ ಸಮುದ್ರವೆಂದರೆ ಒಂದು ತಾತ್ಸಾರ ಇದ್ದೇ ಇರುತ್ತದೆ. ನನಗಂತೂ ಇತ್ತು, ಮುಚ್ಚಿಡುವುದೇನು. ಬಾವಿ ಮರ್ಯಾದಸ್ಥ. ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ನೀರು ನಾಲ್ಕು ಮೆಟ್ಟಿಲು ಇಳಿದರೂ ಊರಿಗೆಲ್ಲ ಗೊತ್ತಾಗುವಂತೆ ನಿಧಾನವಾಗಿ ಇಳಿಯುತ್ತದೆ. ಸಮುದ್ರಕ್ಕೆ ಆ ಶಿಸ್ತಿಲ್ಲ. ಬೆಳಿಗ್ಗೆ ಬಂದು ದಂಡೆ ಬಡಿಯುವುದು, ಮಧ್ಯಾಹ್ನ ಹೇಳದೆ ಕೇಳದೆ ಎದ್ದು ಹೋಗುವುದು. ಇಂಥ ಒಬ್ಬ ಗುಮಾಸ್ತ ನಮ್ಮ ಆಫೀಸಿನಲ್ಲಿದ್ದರೆ ವಾರದೊಳಗೆ ಮನೆಗೆ ಕಳಿಸಿಬಿಡುತ್ತಿದ್ದರು. ನಾನು ಈಜು ಕಲಿತದ್ದು ಬಿಜಾಪುರದ ಕಡೆಯ ನಮ್ಮೂರ ಗೌಡರ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಯಾರದಾದರೂ ಬಿಂದಿಗೆ ಬಾವಿಗೆ ಬಿದ್ದು, ಪಾತಾಳಗರಡಿ ಹಾಕಿ ಜಾಲಾಡಿದರೂ ಸಿಗದಿದ್ದರೆ ಊರವರು ನನ್ನನ್ನೇ ಕರೆಯುತ್ತಿದ್ದರು ಎಂದು ಮುಂಬಯಿಗೆ ಬಂದಾಗಿನಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ಕರೆದದ್ದು ಎರಡು ಸಲ. ಬಿಂದಿಗೆ ಸಿಕ್ಕಿದ್ದು ಒಂದು ಸಲ, ಅದೂ ಬೇರೆಯವರದು.

ಇನ್ನು ಮುಂಬಯಿಯ ಜನರ ಭಕ್ತಿಯ ವಿಷಯ. ಊರಲ್ಲಾದರೆ ದೇವರ ಮೇಲಿನ ನಿನ್ನೆಯ ಹೂವನ್ನು ತುಳಸಿಯ ಬುಡಕ್ಕೋ ಹಿತ್ತಲಿನ ಗಿಡಕ್ಕೋ ಹಾಕುತ್ತಾರೆ. ಬಾಂದ್ರಾದ ಚಾಳಿನಲ್ಲಿ ಒಂದೂವರೆ ಖೋಲಿಯ ಸಂಸಾರ. ಅಲ್ಲಿ ಹಿತ್ತಲೆಲ್ಲಿಂದ ಬರಬೇಕು. ಹಾಗೆಂದು ನಿರ್ಮಾಲ್ಯವನ್ನು ಕಸದ ಡಬ್ಬಿಗೆ ಹಾಕಿದರೆ ಪಾಪ. ಅದಕ್ಕೆ ಈ ಊರಿನವರು ಕಂಡುಕೊಂಡ ದಾರಿ ಲೋಕಲ್ ಗಾಡಿ. ಬಾಂದ್ರಾ ಸ್ಟೇಷನ್ ಬಿಟ್ಟು ಎರಡು ನಿಮಿಷಕ್ಕೆ ಸಮುದ್ರದ ನೀರು ಒಳನುಗ್ಗಿ ಬರುವ ಮಾಹೀಮ್ ಖಾಡಿಯ ಸೇತುವೆ ಬರುತ್ತದೆ. ಬಂತೋ ಇಲ್ಲವೋ, ಬಾಗಿಲಲ್ಲಿ ನಿಂತವರೆಲ್ಲ ಚೀಲದಿಂದ ಒಂದೊಂದು ಪೇಪರಿನ ಪೊಟ್ಟಣ ತೆಗೆದು ನೀರಿಗೆ ಒಗೆಯುತ್ತಾರೆ, ಕೈ ಮುಗಿಯುತ್ತಾರೆ, ಒಗೆದ ಕೈಯಲ್ಲೇ ಮತ್ತೆ ಇಸ್ಪೀಟಿನ ಎಲೆ ಹಿಡಿಯುತ್ತಾರೆ. ಕೆಲವರು ಬಿಲ್ಲೆಕಾಸನ್ನೂ ಎಸೆಯುತ್ತಾರೆ. ಅದನ್ನು ಹಿಡಿಯಲು ಕೆಳಗೆ ಕಂಬದ ಕಟ್ಟೆಯ ಮೇಲೆ ಬೆಸ್ತರು ಲಂಗೋಟಿ ಕಟ್ಟಿ ಸಾಲಾಗಿ ಕೂತಿರುತ್ತಾರೆ. ಗಾಡಿ ದಾಟುವುದೇ ತಡ, ಧುಮುಕುತ್ತಾರೆ. ಅವರ ಧುಮುಕು ನೋಡಿ ನಾನು ಎಷ್ಟು ಸಲ ಮೂಗು ಮುರಿದಿದ್ದೇನೋ. ಕಾಲು ಅಗಲ, ಸೊಂಟ ಸಡಿಲ. ಗೌಡರ ಬಾವಿಯಲ್ಲಿ ಹಾಗೆ ಧುಮುಕಿದ್ದರೆ ಮಂದಿ ನಗುತ್ತಿದ್ದರು.

ಆ ಮಂಗಳವಾರ ನಾನೂ ನನ್ನ ಪೊಟ್ಟಣ ಒಗೆದೆ. ನಮ್ಮ ಮನೆಯಲ್ಲಿ ಪೂಜೆ ನನ್ನದು. ಹನ್ನೊಂದು ವರ್ಷದಿಂದ ಒಂದು ದಿನ ತಪ್ಪಿಸಿದವನಲ್ಲ. ಎಂಟು ನಲವತ್ತರ ಗಾಡಿಗೆ ಓಡಬೇಕಾದ್ದರಿಂದ ದೇವರಿಗೆ ನಾಲ್ಕು ನಿಮಿಷ ಕೊಡುತ್ತೇನೆ. ಎಂಟು ಬೊಂಬೆಗಳನ್ನು ತಟ್ಟೆಗೆ ಇಳಿಸಿ, ನೀರು ಸುರಿದು, ಒರೆಸಿ, ಗಂಧ ಮೆತ್ತಿ, ಹೂ ಏರಿಸಿ, ಗಂಟೆ ಬಾರಿಸುವಷ್ಟರಲ್ಲಿ ಇನ್ನೊಂದು ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುವುದು ನನಗೆ ರೂಢಿ. ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಗಂಗಾ ದೇವರ ಗೂಡಿನ ಮುಂದೆ ಕೂತಿದ್ದಳು. ಏಳೇ ದೇವರು ಇದ್ದರು. ಅವಳ ಅನ್ನಪೂರ್ಣೆ ಇರಲಿಲ್ಲ. ಹೆಬ್ಬೆರಳುದ್ದದ ಹಿತ್ತಾಳೆಯ ಮೂರ್ತಿ, ಕೈಯಲ್ಲೊಂದು ಸೌಟು. ಮದುವೆಯಲ್ಲಿ ಅವಳ ತಾಯಿ ಉಡಿಯಲ್ಲಿ ಹಾಕಿ ಕಳಿಸಿದ್ದು. ಆ ತಾಯಿಗೆ ಅವರ ತಾಯಿ ಕೊಟ್ಟದ್ದು.

"ಹೂವಿನ ಜೋಡಿ ದೇವರನ್ನೂ ಪೇಪರಿನಾಗ ಕಟ್ಟಿ ಒಗದು ಬಂದೀರಿ," ಎಂದಳು. ಕೂಗಲಿಲ್ಲ, ಅಳಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಾಗಿತ್ತು. "ಐತಾರ ನಮ್ಮವ್ವ ಬರ್ತಾಳ. ಬಂದಾಕಿ ಕಾಲು ತೊಳಕೊಂಡು ಮೊದಲು ನೋಡೋದು ದೇವರ ಗೂಡು. ಏನು ಹೇಳ್ಲಿ ನಾನು? ಮನಿ ಅನ್ನಪೂರ್ಣಾ ಲೋಕಲ್‌ದಾಗಿಂದ ಬಿದ್ಲು ಅಂತ ಹೇಳ್ಲೇನು?" ಇಷ್ಟು ಹೇಳಿ ಒಲೆಯ ಮುಂದೆ ಹೋಗಿ ಕೂತಳು. ಬಡಿಸುವಾಗ ನನ್ನ ಮೋರೆ ನೋಡಲಿಲ್ಲ. ತಪ್ಪು ಮಾಡಿದ ಗಂಡಸು ಮಾಡುವ ಕೆಲಸ ಒಂದೇ, ಜಂಬ ಕೊಚ್ಚುವುದು. ನಾನೂ ಅದನ್ನೇ ಮಾಡಿದೆ. ಗೌಡರ ಬಾವಿಯ ಕತೆ ಮತ್ತೊಮ್ಮೆ ಹೇಳಿ, "ಶನಿವಾರ ಅರ್ಧ ದಿನ ಆಫೀಸು. ಮುಳುಗಿ ತರ್ತೀನಿ, ಚಿಂತಿ ಬಿಡು," ಎಂದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ಕೇಳಿಸಿತೋ ಇಲ್ಲವೋ.

ನಮ್ಮ ಚಾಳಿನ ಕೆಳಗೆ ಸಂಜೀವಣ್ಣನ ಹೋಟೆಲು. ಉಡುಪಿಯ ಕಡೆಯವರು, ಮಾತು ಮೃದು, ಸಾಂಬಾರು ಸಿಹಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ನನ್ನ ಯೋಜನೆಯನ್ನೆಲ್ಲ ಕೇಳಿ, "ಹೋಗುದು ಹೋಗಿ ಮಾರಾಯ್ರೆ. ಆದ್ರೆ ಉಬ್ಬರ ಇಳಿತ ನೋಡಿ ಹೋಗಿ. ಶನಿವಾರ ತಿಥಿ ಎಂತ, ಪಂಚಾಂಗದಲ್ಲಿ ನೋಡಿದ್ರಾ?" ಎಂದರು. ನನಗೆ ನಗು ಬಂತು. ಇಡ್ಲಿ ಬೇಯಿಸುವವರು ನನಗೆ ಪಂಚಾಂಗ ಹೇಳಿಕೊಡುವುದು. ನಮ್ಮ ಮನೆತನದಲ್ಲಿ ಪಂಚಾಂಗ ನೋಡದೆ ಉಗುರು ತೆಗೆಯುವವರಿಲ್ಲ. "ಎಲ್ಲಾ ನೋಡೀನ್ರಿ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಎರಡು ಗಂಟೆಗೆ ಏನೂ ಅಡ್ಡಿಯಿಲ್ಲ. ಮೇಲಾಗಿ ಏಕಾದಶಿ, ಒಳ್ಳೇ ದಿನ," ಎಂದೆ. ಅವರು "ಏಕಾದಶಿಯಾ?" ಎಂದು ಬೆರಳು ಮಡಚಲು ಶುರು ಮಾಡಿದರು. ನಾನು ಅದನ್ನು ನೋಡಿಕೊಂಡು ನಿಲ್ಲಲಿಲ್ಲ. ತಿಂಡಿ ಮಾರುವವರ ಹತ್ತಿರ ತಿಥಿ ನಕ್ಷತ್ರದ ವಿಚಾರ ಮಾಡಬಾರದು.

ಆ ಖಾಡಿಯಲ್ಲಿ ಮುಳುಗಬೇಕೆಂದು ಯಾರಿಗಾದರೂ ಬುದ್ಧಿ ಕೆಟ್ಟರೆ ದಾರಿ ಹೇಳುತ್ತೇನೆ, ಕೇಳಿ. ಬಾಂದ್ರಾ ಕಡೆಯಿಂದ ಇಳಿಯಲು ಹೋದರೆ ಹಳಿಯ ಪಕ್ಕದಲ್ಲಿ ನಡೆಯಬೇಕು, ರೈಲ್ವೆಯವರು ಬಿಡುವುದಿಲ್ಲ. ಮಾಹೀಮ್ ಕಡೆಯಿಂದ ಹೋದರೆ ಒಂದು ಕಲ್ಲಿನ ಗೋಡೆ ಹತ್ತಿ, ಒಣಗಲು ಹಾಕಿದ ಬಲೆಗಳನ್ನು ದಾಟಿ, ಬೊಂಬಿಲ್ ಮೀನಿನ ತೋರಣಗಳ ಅಡಿಯಲ್ಲಿ ತಲೆ ಬಗ್ಗಿಸಿ ಹೋಗಬೇಕು. ಏಕಾದಶಿಯ ಉಪವಾಸದ ಹೊಟ್ಟೆಗೆ ಆ ವಾಸನೆ ಹೇಗಿರುತ್ತದೆಂದು ವರ್ಣಿಸಲಾರೆ. ಮೇಲಿನಿಂದ ಚರ್ಮ ಹದ ಮಾಡುವ ಕಡೆಯ ಗಾಳಿ ಬೇರೆ. ಧೋತರ ಬಿಚ್ಚಿ, ಅಂಗಿಯನ್ನು ಕಿಸೆಯಲ್ಲಿದ್ದ ಪಂಚಾಂಗದ ಸಮೇತ ಮಡಚಿ ಕಲ್ಲಿನ ಮೇಲಿಟ್ಟು, ಲಂಗೋಟಿಯಲ್ಲಿ ನಿಂತು ನೋಡಿದೆ. ದಂಡೆಯ ಹತ್ತಿರ ನೀರು ಹೊಳೆಯುತ್ತಿತ್ತು. ಕೆಲಸವಿಲ್ಲದ ಹತ್ತು ಹನ್ನೆರಡು ಜನ ಆಗಲೇ ಸೇರಿದ್ದರು. ಮುಂಬಯಿಯಲ್ಲಿ ಯಾರಿಗೂ ಪುರಸೊತ್ತಿಲ್ಲ ಎನ್ನುತ್ತಾರೆ. ಒಬ್ಬ ಮನುಷ್ಯ ಧೋತರ ಬಿಚ್ಚಿ ನಿಂತು ನೋಡಲಿ, ಎಷ್ಟು ಪುರಸೊತ್ತಿದೆ ಎಂದು ಗೊತ್ತಾಗುತ್ತದೆ.

ನೋಡುವವರಿದ್ದಾರೆಂದು ಗೌಡರ ಬಾವಿಯ ಶೈಲಿಯಲ್ಲೇ ಹಾರಿದೆ. ಕಾಲು ಜೋಡಿಸಿ, ಸೊಂಟ ಬಿಗಿದು, ಮೂಗು ಹಿಡಿದು. ತಲೆ ಮುಂದಾಗಿ ಹಾರದಿದ್ದದ್ದು ನನ್ನ ಹಿರಿಯರ ಪುಣ್ಯ. ನೀರು ನಾಲ್ಕು ಬೆರಳು ಇತ್ತು, ಅದರ ಕೆಳಗೆ ಕೆಸರು ತೊಡೆಯ ತನಕ. ಸಮುದ್ರವೆಂಬ ಸಮುದ್ರ ಎದ್ದು ಹೋಗಿತ್ತು. ನೆಟ್ಟ ಕಂಬದಂತೆ ನಿಂತುಬಿಟ್ಟೆ. ಒಂದು ಕಾಲು ಎತ್ತಿದರೆ ಇನ್ನೊಂದು ಇಳಿಯುತ್ತದೆ, ಅದನ್ನೆತ್ತಿದರೆ ಇದು. ಮೇಲಿನಿಂದ ಉಪದೇಶ ಶುರುವಾಯಿತು. ಮಲಗಿರಿ ಎಂದು ಒಬ್ಬ, ಮಲಗಬೇಡಿ ಎಂದು ಇನ್ನೊಬ್ಬ. ಅಷ್ಟರಲ್ಲಿ ಒಬ್ಬ ಪೊಲೀಸ್ ಹವಾಲ್ದಾರರೂ ಬಂದರು. ಪಾನನಿಷೇಧದ ಕಾಲ, ಕಳ್ಳಭಟ್ಟಿಯ ಪೀಪಾಯಿಗಳನ್ನು ಇದೇ ಖಾಡಿಯ ಕೆಸರಿನಲ್ಲಿ ಹೂಳುತ್ತಾರಂತೆ. "ಪೀಪಾಯಿ ಎಲ್ಲಿ?" ಎಂದು ಮರಾಠಿಯಲ್ಲಿ ಕೇಳಿದರು. ದೇವರನ್ನು ಹುಡುಕುತ್ತಿದ್ದೇನೆ ಎಂದೆ. "ನಿನ್ನೆ ಒಬ್ಬ ತನ್ನ ಅಜ್ಜಿಯ ಕನ್ನಡಕ ಹುಡುಕುತ್ತಿದ್ದ. ದೇವರು ಅಂದವನು ನೀನೇ ಮೊದಲು," ಎಂದು ಬೇಸರದಿಂದ ನುಡಿದು, ನನ್ನ ಲಂಗೋಟಿಯಲ್ಲಿ ಪೀಪಾಯಿ ಅಡಗಿಸುವಷ್ಟು ಜಾಗವಿಲ್ಲವೆಂದು ಖಾತ್ರಿಯಾದ ಮೇಲೆ ಹೊರಟುಹೋದರು.

ನನ್ನನ್ನು ಎಳೆದು ಹಾಕಿದವನು ಧೋಂಡು ಎಂಬ ಬೆಸ್ತ. ನಾನು ಗಾಡಿಯಿಂದ ಮೂಗು ಮುರಿಯುತ್ತಿದ್ದ ಅದೇ ಕಾಲು ಅಗಲದವನು. ಒಂದು ಹಲಗೆಯನ್ನು ಕೆಸರಿನ ಮೇಲೆ ಜಾರಿಸಿ ಅದರ ಮೇಲೆ ಕೂತು ಬಂದ. ಕೆಸರಿನಲ್ಲಿ ಕಾಲು ಅಗಲ ಇಡಬೇಕೆಂದು ನನಗೆ ಆಗ ತಿಳಿಯಿತು. ದಂಡೆಗೆ ತಂದು ಕೂರಿಸಿ ಕೇಳಿದ: "ಸಾಹೇಬ್, ನಿಮ್ಮ ಮನೆಯಲ್ಲಿ ಪಂಚಾಂಗ ಇಲ್ಲವೇ? ತಿಥಿಯ ಮುಕ್ಕಾಲು ಮಾಡಿದರೆ ನೀರು ತುಂಬುವ ಗಂಟೆ. ಏಕಾದಶಿ ಹನ್ನೊಂದು, ಮುಕ್ಕಾಲು ಅಂದರೆ ಎಂಟೂಕಾಲು. ಅದಾಗಿ ಆರು ಗಂಟೆಗೆ ಖಾಲಿ. ಎರಡು ಗಂಟೆಗೆ ಇಲ್ಲಿ ಕತ್ತೆಯೂ ಮುಳುಗುವುದಿಲ್ಲ." ನಾನು ಕಲ್ಲಿನ ಮೇಲಿದ್ದ ನನ್ನ ಅಂಗಿಯ ಕಡೆ ನೋಡಿದೆ. ಪಂಚಾಂಗ ಕಿಸೆಯಿಂದ ಇಣುಕುತ್ತಿತ್ತು. ಮೂರು ತಲೆಮಾರು ಅದನ್ನು ಓದಿದ ಮನೆತನ ನಮ್ಮದು. ರಾಹು ಎಷ್ಟು ಹೊತ್ತಿಗೆ ಬರುತ್ತಾನೆಂದು ಗೊತ್ತು. ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಿಲ್ಲ.

ಅವನಿಗೆ ಸಂಗತಿ ಹೇಳಿದೆ. "ಎಂಟು ನಲವತ್ತರ ಸ್ಲೋ ಗಾಡಿಯೇ? ಹಾಗಾದರೆ ಎರಡನೇ ಕಂಬದ ಬಳಿ ಬೀಳುತ್ತದೆ. ಮಂಗಳವಾರದ್ದು ಮಂಗಳವಾರವೇ ಸಿಕ್ಕಿದೆ, ಮನೆಗೆ ಬನ್ನಿ," ಎಂದ. ನಮ್ಮಂಥವರು ದೇವರನ್ನು ಕಟ್ಟಿ ಒಗೆಯುವುದು ಬೆಸ್ತರಿಗೆ ಹೊಸದಲ್ಲವಂತೆ. ಬಿಲ್ಲೆಕಾಸು ಅವರದು, ದೇವರು ಮಾತ್ರ ಅವರದಲ್ಲ. ಅದನ್ನು ಮಾರುವುದಿಲ್ಲ, ಕರಗಿಸುವುದಿಲ್ಲ. ಅವನ ಗುಡಿಸಲಿನ ಒಂದು ಹಲಗೆಯ ಮೇಲೆ ಗಣಪತಿಗಳು, ಬಾಲಕೃಷ್ಣರು, ಒಂದು ಗಂಟೆ, ಎರಡು ಉದ್ಧರಣೆ, ಎಲ್ಲ ಒಪ್ಪವಾಗಿ ಇದ್ದವು. ಅವನ ಮುದಿ ತಾಯಿ ಅವಕ್ಕೆಲ್ಲ ದಿನಾ ದೀಪ ಹಚ್ಚುತ್ತಾಳೆ. ಒಗೆದವರು ಬರುವ ತನಕ ಹೊಟ್ಟೆಗಿಲ್ಲದೆ ಇರಬಾರದಲ್ಲ ಎಂದಳು. ಸಾಲಿನಲ್ಲಿ ಅನ್ನಪೂರ್ಣೆಯರು ಏಳು ಜನ.

"ನಿಮ್ಮದು ಯಾವುದು, ತಗೊಳ್ಳಿ," ಎಂದಳು ಮುದುಕಿ.

ಏಳೂ ಹಿತ್ತಾಳೆ. ಏಳಕ್ಕೂ ಸೌಟು. ಏಳೂ ಹೆಬ್ಬೆರಳುದ್ದ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಎತ್ತಿ ಇಳಿಸಿ ಮೀಯಿಸಿದ ಕೈ ಇದು. ಆ ಕೈಗೆ ಗುರುತು ಹತ್ತಲಿಲ್ಲ. ಮೂಗು ಹೇಗಿತ್ತು, ಮುಡಿ ಹೇಗಿತ್ತು, ಕೂತಿದ್ದಳೋ ನಿಂತಿದ್ದಳೋ ಎಂಬುದೂ ನೆನಪಾಗಲಿಲ್ಲ. ಎಂಟು ನಲವತ್ತರ ಗಾಡಿಯ ಡ್ರೈವರನ ಮೀಸೆ ಕೇಳಿದ್ದರೆ ಹೇಳುತ್ತಿದ್ದೆ. ಮುದುಕಿ ನೋಡುತ್ತಿದ್ದಳು, ಅವಳ ಮುಂದೆ ತಿಳಿಯದು ಎನ್ನಲು ನಾಚಿಕೆಯಾಯಿತು. ಎಲ್ಲಕ್ಕಿಂತ ಹೊಳೆಯುವ ಒಂದನ್ನು ಆರಿಸಿ, ಗುರುತು ಸಿಕ್ಕವನಂತೆ ಹಣೆಗೆ ಒತ್ತಿಕೊಂಡು ಹೊರಟೆ.

ಮನೆಗೆ ಬಂದು, ಕೆಸರಿನ ಕಾಲಲ್ಲೇ ನಿಂತು, ಗಂಗಾಳ ಅಂಗೈಯಲ್ಲಿ ಇಟ್ಟೆ. ಎಷ್ಟು ಆಳಕ್ಕೆ ಮುಳುಗಿದೆ ಎಂದು ಹೇಳಲು ಬಾಯಿ ತೆರೆದಿದ್ದೆ. ಅವಳು ಮೂರ್ತಿಯನ್ನು ಒಮ್ಮೆ ತಿರುಗಿಸಿ ನೋಡಿದಳು. ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡು, ಮೂರ್ತಿಯನ್ನು ಹಸನಾದ ಬಟ್ಟೆಯಲ್ಲಿ ಸುತ್ತಿ, ಒಂದು ತೆಂಗಿನಕಾಯಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿದಳು.

"ಇದು ಯಾರದೋ ಮನೀದು. ಎಲ್ಲಿಂದ ತಂದೀರಿ, ಆ ಜಾಗಾ ತೋರಸ್ರಿ."

ಹೊತ್ತು ಮುಳುಗುವ ಮೊದಲು ಮತ್ತೆ ಅದೇ ಗೋಡೆ, ಅದೇ ಬಲೆ, ಅದೇ ಬೊಂಬಿಲ್. ಗಂಗಾ ಗುಡಿಸಲಿನೊಳಗೆ ಹೋಗಿ, ತಂದದ್ದನ್ನು ಹಲಗೆಯ ಮೇಲೆ ಇಟ್ಟು, ಸಾಲಿನ ಕೊನೆಯದನ್ನು ಎತ್ತಿಕೊಂಡಳು. ಕಣ್ಣು ಮಿಟುಕಿಸುವಷ್ಟು ಹೊತ್ತು ಕೂಡ ಹಿಡಿಯಲಿಲ್ಲ. "ಸಣ್ಣಾಕಿ ಇದ್ದಾಗ ನಾನಽ ಇದರ ಸೌಟು ಕಚ್ಚಿ ಬಗ್ಗಿಸಿದ್ದೆ," ಎಂದಳು. ನೋಡಿದೆ. ಸೌಟು ಎಡಕ್ಕೆ ಬಾಗಿತ್ತು. ಗಂಗಾ ಕಾಯಿಯನ್ನು ಮುದುಕಿಯ ಕೈಯಲ್ಲಿಟ್ಟು ನಮಸ್ಕಾರ ಮಾಡಿದಳು. ಮುದುಕಿಗೆ ಏನೂ ಆಶ್ಚರ್ಯವಾದಂತೆ ಕಾಣಲಿಲ್ಲ. "ಮಧ್ಯಾಹ್ನವೇ ಅಂದುಕೊಂಡೆ, ನೀನು ಬರುತ್ತೀ ಅಂತ. ಯಾವಾಗಲೂ ಹೀಗೆಯೇ ಮಗಳೇ. ಮೊದಲು ಗಂಡಸರು ಬಂದು ಒಂದು ಒಯ್ಯುತ್ತಾರೆ. ಆಮೇಲೆ ಹೆಂಗಸರು ಬಂದು ಬದಲಾಯಿಸಿಕೊಂಡು ಹೋಗುತ್ತಾರೆ," ಎಂದಳು. ಗೋಡೆ ಹತ್ತುವಾಗ ಗಂಗಾಳಿಗೆ ಕೈ ಕೊಡಲು ಹೋದೆ. ಅವಳು ಕೈ ಹಿಡಿಯುವ ಮೊದಲು ಹೇಳಿದಳು, "ಹನ್ನೊಂದು ವರ್ಷ ಪೂಜಾ ಮಾಡೀರಿ. ಒಂದು ದಿನ ಮಾರಿ ನೋಡಿಲ್ಲಲ್ಲ." ಗೌಡರ ಬಾವಿಯ ಕತೆ ನೆನಪಿಗೆ ಬಂತು, ಬಾಯಿಗೆ ಬರಲಿಲ್ಲ.

ಮರುದಿನ ಅತ್ತೆ ಬಂದರು. ಕಾಲು ತೊಳೆದು ನೇರವಾಗಿ ದೇವರ ಗೂಡಿಗೆ ಹೋಗಿ, ಅನ್ನಪೂರ್ಣೆಯ ಸೌಟನ್ನು ಬೆರಳಿನಿಂದ ಸವರಿ, ಕೆನ್ನೆಗೆ ಕೈ ಹಚ್ಚಿಕೊಂಡರು. "ಪೂಜಾ ಯಾರು ಮಾಡ್ತಾರ?" ಎಂದು ಕೇಳಿದರು. "ಇವರಽ," ಎಂದಳು ಗಂಗಾ. ಅತ್ತೆ ನನ್ನತ್ತ ತಿರುಗಿ, "ಎಷ್ಟು ಜ್ವಾಕಿಲೆ ಇಟ್ಕೊಂಡೀರಿ ನೋಡ್ರಿ. ಕಣ್ಣಾಗ ಕಣ್ಣಿಟ್ಟು ಮಾಡೋರ ಕೈಯಾಗ ದೇವರು ಹಿಂಗ ಇರ್ತಾವ," ಎಂದು ತುಂಬು ಮನಸ್ಸಿನಿಂದ ಹೊಗಳಿದರು. ಗಂಗಾ ಒಲೆಯ ಕಡೆ ತಿರುಗಿದಳು, ಅವಳ ಹೆಗಲು ಅಲುಗುತ್ತಿತ್ತು. ನಾನು ತಲೆ ತಗ್ಗಿಸಿ, ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಖಾಡಿಯ ಕೆಸರನ್ನು ಕೆರೆಯುತ್ತ, ಹೊಗಳಿಕೆಯನ್ನು ಪೂರ್ತಿ ತೆಗೆದುಕೊಂಡೆ.